ಆಂಟಿಯ ಜಪದ ಇನ್ನರ್ಧ

ಹೋದ ವಾರ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬ್ರಿಸ್ಬೇನಿನ ಹೊರವಲಯದ ನಮ್ಮ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನ ಆಚೆಯ ಕಾಡಿಗೆ ಆ ದಿನ ಬೆಂಕಿ ಕೊಟ್ಟಿದ್ದರು. ಬೇಸಿಗೆಯಲ್ಲಿ ದೊಡ್ಡ ಕಾಡ್ಗಿಚ್ಚು ಏಳದಿರಲಿ ಎಂದು ಇಲ್ಲಿ ಚಳಿಗಾಲದಲ್ಲೇ ಅಷ್ಟಷ್ಟು ಸುಟ್ಟುಬಿಡುತ್ತಾರೆ. ಎಲೆ, ಬೇರು, ಮಣ್ಣು ಎಲ್ಲ ಒಟ್ಟಿಗೆ ಹೊಗೆಯಾಡುವ ವಾಸನೆ ನಮ್ಮ ಬೀದಿಗೂ ಬಂತು. ಒಗೆದ ಹೊದಿಕೆಯನ್ನೆಲ್ಲ ಇನ್ನೊಮ್ಮೆ ಒಗೆಯಬೇಕಲ್ಲ ಎಂದು ಗೊಣಗುತ್ತಿದ್ದವಳು ಅದನ್ನು ಮೂಗಿಗೆ ಹಿಡಿದು ಹಾಗೇ ನಿಂತುಬಿಟ್ಟೆ... ಈ ವಾಸನೆ ನನಗೆ ಗೊತ್ತಿತ್ತು. ಐರ್ಲೆಂಡಿನ ಒಂದು ಮನೆಯಲ್ಲಿ ಒಲೆಯ ಮುಂದೆ ಕುಳಿತಿದ್ದಾಗ ಬಂದದ್ದು. ಅವತ್ತು ಪಕ್ಕದಲ್ಲಿ ಆಂಟಿ ಇದ್ದರು.

ಆಂಟಿ ಎಂದರೆ ನಮ್ಮ ಪಕ್ಕದ ಮನೆಯವರು. ಮಂಗಳೂರು ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ಅರ್ಧ ಆಯಸ್ಸು ಮಸ್ಕತ್ತಿನಲ್ಲಿ ನರ್ಸ್ ಆಗಿದ್ದು, ಆಮೇಲೆ ಗಂಡನ ಜೊತೆ ಬ್ರಿಸ್ಬೇನಿಗೆ ಬಂದವರು. ಒಬ್ಬನೇ ಮಗ ಪರ್ತಿನಲ್ಲಿದ್ದ. ನಾನೂ ನನ್ನ ಗಂಡನೂ ಸಿಟಿಯಲ್ಲಿ ಕೆಲಸ ಮುಗಿಸಿ ರೈಲು ಹಿಡಿದು ಮನೆ ಮುಟ್ಟುವಷ್ಟರಲ್ಲಿ ಕತ್ತಲಾಗುತ್ತಿತ್ತು. ಶಾಲೆ ಬಿಟ್ಟ ಮಗಳು ಅಲ್ಲಿಯವರೆಗೆ ಆಂಟಿಯ ಮನೆಯಲ್ಲೇ. ಅವಳ ಹೊಟ್ಟೆಗೆ ನೀರುದೋಸೆ, ತಲೆಗೆ ಕೊಬ್ಬರಿ ಎಣ್ಣೆ, ಎರಡನ್ನೂ ಆಂಟಿ ಧಾರಾಳವಾಗಿಯೇ ಹಾಕುತ್ತಿದ್ದರು. ನಮ್ಮ ಮೈಸೂರು ಕನ್ನಡವನ್ನು ಅವರು ಅಣಕಿಸುತ್ತಿದ್ದರು, ಅವರ ‘ಮಾರಾಯ್ತಿ’ಯನ್ನು ನಾವು.

ಅಂಕಲ್ ತೀರಿಕೊಂಡ ಮೇಲೆ ಆಂಟಿ ಹೊಸಿಲು ದಾಟುವುದನ್ನೇ ಬಿಟ್ಟರು. ಮುಂದಿನ ವರ್ಷ ಜೂನ್ ರಜೆಗೆ ನಾವು ಐರ್ಲೆಂಡಿಗೆ ಹೊರಟಾಗ, ನೀವೂ ಬನ್ನಿ ಎಂದು ಗಂಟುಬಿದ್ದೆವು. ಮಸ್ಕತ್ತಿನಲ್ಲಿ ಜೊತೆಗಿದ್ದ ಐರಿಶ್ ನರ್ಸೊಬ್ಬಳ ಬಾಯಲ್ಲಿ ಆ ದೇಶದ ವರ್ಣನೆ ಕೇಳಿ ಕೇಳಿ, ಒಮ್ಮೆ ನೋಡಬೇಕೆಂದು ಗಂಡ ಹೆಂಡಿರಿಬ್ಬರೂ ಆಸೆಪಟ್ಟಿದ್ದರಂತೆ. ಕೊನೆಗೆ ಒಪ್ಪಿಕೊಂಡರು, ಒಂದು ಷರತ್ತಿನ ಮೇಲೆ. ಅಂಕಲ್ ಹೋಗಿ ವರ್ಷ ತುಂಬುವ ದಿನ ನಮ್ಮ ಪ್ರವಾಸದ ಕೊನೆಗೆ ಬರುತ್ತಿತ್ತು. ಆ ಸಂಜೆ ಗಾಲ್ವೇ ಊರಿನ ಇಗರ್ಜಿಯಲ್ಲಿ ಅವರ ಹೆಸರಿನಲ್ಲಿ ಪೂಜೆಗೆ ಫೋನಿನಲ್ಲೇ ಹೇಳಿಟ್ಟಿದ್ದರು.

“ಬೇರೆ ಎಲ್ಲಿ ಬೇಕಾದ್ರೂ ಕರ್ಕೊಂಡು ಹೋಗಿ. ಆ ಒಂದು ಸಂಜೆ ಮಾತ್ರ ನನಗೆ ಬಿಟ್ಟುಕೊಡಿ” ಎಂದರು.

ಆ ದೇಶದ ಹಸಿರನ್ನು ಏನೆಂದು ಹೇಳಲಿ! ಬ್ರಿಸ್ಬೇನಿನ ಒಣ ಹುಲ್ಲು ನೋಡಿ ನೋಡಿ ಬತ್ತಿದ್ದ ಕಣ್ಣಿಗೆ ಹಬ್ಬ. ಪಶ್ಚಿಮದ ಕಡಲ ತೀರ ಮುಟ್ಟಿದ ಮೇಲಂತೂ ತಿರುವು ತಿರುವಿಗೂ ನನ್ನ ಗಂಡ ಕಾರು ನಿಲ್ಲಿಸುತ್ತಿದ್ದರು. ಕಲ್ಲುಗಳನ್ನು ಸುಮ್ಮನೆ ಪೇರಿಸಿ ಕಟ್ಟಿದ ಗೋಡೆಗಳು, ಅವುಗಳ ನಡುವೆ ಕುರಿಗಳು, ಎಲ್ಲಕ್ಕಿಂತ ಆಚೆ ಕಡಲು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ರಾತ್ರಿ ಊಟದ ಹೊತ್ತಾದರೂ ಸೂರ್ಯ ಮುಳುಗುವ ಹಾಗೇ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತೇರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವುದು ಆಂಟಿಯ ರೂಢಿ. ಇಲ್ಲಿ ದೀಪ ಹಚ್ಚುವ ಹೊತ್ತೇ ಬಾರದೆ ಅವರಿಗೆ ಪೇಚಾಯಿತು. ಕಡೆಗೆ ಗಡಿಯಾರವನ್ನೇ ನಂಬಿ, ಏಳಾದ ಕೂಡಲೇ ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಕುಳಿತು ಮಣಿ ಹಿಡಿಯುತ್ತಿದ್ದರು.

ಆಗಲೇ ನಾನು ಗಮನಿಸಿದ್ದು. ‘ನಮಾನ್ ಮರಿಯೆ’ ಎಂದು ಮೇರಿ ಮಾತೆಗೆ ನಮಿಸಿ ಶುರುಮಾಡಿ ಮೆಲುದನಿಯಲ್ಲಿ ಒಂದಿಷ್ಟು ಹೇಳುವರು, ಆಮೇಲೆ ಮೌನ. ಮತ್ತೆ ಅದೇ ‘ನಮಾನ್ ಮರಿಯೆ’, ಮತ್ತೆ ಮೌನ. ಮಗಳಿಗೆ ಆಗ ಹನ್ನೊಂದು ವರ್ಷ, ಕೇಳಿಯೇಬಿಟ್ಟಳು.

“ಆಂಟಿ, ವೈ ಡೂ ಯೂ ಕೀಪ್ ಸ್ಟಾಪಿಂಗ್?”

“ಇದನ್ನು ಇಬ್ಬರು ಹೇಳುದು, ಪುಟ್ಟ. ಅರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು. ಉಳಿದದ್ದು ಅಂಕಲ್‌ದು. ಮದುವೆಯಾದಾಗಿಂದ ಅವರೇ ಹೇಳಿದ್ದು, ಈಗ ನನ್ನ ಬಾಯಿಗೆ ಬರುದಿಲ್ಲ.”

“ಸೋ ಹೂ ಸೇಸ್ ಇಟ್ ನೌ?”

“ಯಾರೂ ಇಲ್ಲ. ಅವರ ಜಾಗ ಹಾಗೇ ಬಿಡ್ತೇನೆ” ಎಂದು ಆಂಟಿ ಅವಳ ಕೆನ್ನೆ ತಟ್ಟಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ, ಕಣ್ಣು ತುಂಬಿತ್ತು.

ಆ ದಿನವೂ ಬಂತು. ಗಾಲ್ವೇಗೆ ಇನ್ನೂ ಸಾಕಷ್ಟು ದೂರವಿರುವಾಗ ದಾರಿಯ ಪೆಟ್ರೋಲ್ ಬಂಕಿನಲ್ಲಿ ನನ್ನ ಗಂಡ ಟ್ಯಾಂಕ್ ತುಂಬಿಸಿದರು. ಬಾಡಿಗೆ ಕಾರು ಡೀಸೆಲ್‌ದು. ಕೈ ಮಾತ್ರ ಬ್ರಿಸ್ಬೇನಿನ ನಮ್ಮ ಕಾರಿನ ರೂಢಿಯದು, ಸೀದಾ ಪೆಟ್ರೋಲ್ ಹಾಕಿಬಿಟ್ಟಿತು! ಸ್ವಲ್ಪ ದೂರ ಹೋದ ಕಾರು ಕೆಮ್ಮಿ, ಉಗ್ಗಿ, ಜವುಗು ಬಯಲಿನ ನಡುವೆ ನಿಂತಿತು. ಅದನ್ನು ಎಳೆದೊಯ್ಯಲು ಬಂದವನು, ಕಾರು ನಾಳೆ ಬೆಳಿಗ್ಗೆ ಸಿಗುತ್ತದೆ ಎಂದ. ಟ್ಯಾಕ್ಸಿ ಆ ಮೂಲೆಗೆ ಬಂದು ಮುಟ್ಟುವಷ್ಟರಲ್ಲಿ ಪೂಜೆ ಮುಗಿದಿರುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

“ಒಂದು ದಿನ, ಒಂದೇ ಒಂದು ದಿನ ಕೇಳಿದ್ರಲ್ರೀ ಅವ್ರು! ಅದನ್ನೂ ಹಾಳ್ಮಾಡ್ಬಿಟ್ರಲ್ಲ!” ಎಂದು ರಸ್ತೆಯಲ್ಲೇ ಕೂಗಾಡಿದೆ. ನನ್ನ ಗಂಡ ತಲೆ ತಗ್ಗಿಸಿ ನಿಂತಿದ್ದರು.

“ಬೈಬೇಡ ಮಾರಾಯ್ತಿ, ಪಾಪ” ಎಂದರು ಆಂಟಿ. “ಪೂಜೆ ಎಂತ ನಿಲ್ಲುದಿಲ್ಲ, ಅಲ್ಲಿ ಆಗ್ತದೆ. ನಾನು ಇರುದಿಲ್ಲ, ಅಷ್ಟೆ.”

ಅಷ್ಟು ಹೇಳಿ ಕಾರಿನಿಂದ ತಮ್ಮ ಚೀಲ ಇಳಿಸಿಕೊಂಡರು.

ಎಳೆಯುವವನೇ ನಮ್ಮನ್ನು ಹತ್ತಿರದ ಒಂದು ಮನೆಗೆ ಬಿಟ್ಟ. ಪ್ರವಾಸಿಗರಿಗೆ ಎರಡು ಕೋಣೆ ಕೊಡುತ್ತಿದ್ದ ಮನೆ ಅದು. ಇದ್ದದ್ದು ಒಬ್ಬರೇ ಅಜ್ಜಿ. ಆ ಸೀಮೆಯವರು ತಮ್ಮೊಳಗೆ ಮಾತಾಡುವುದು ಇಂಗ್ಲಿಷ್ ಅಲ್ಲ, ಹಳೆಯ ಐರಿಶ್ ಭಾಷೆ. ಅಜ್ಜಿ ನಮಗೆ ಟೀ ಕೊಟ್ಟು, ಒಲೆಗೆ ಕಪ್ಪು ಇಟ್ಟಿಗೆಯಂಥದ್ದನ್ನು ಹಾಕಿದರು. ಜವುಗು ನೆಲವನ್ನೇ ಕೊಯ್ದು ಒಣಗಿಸಿ ಉರುವಲು ಮಾಡುತ್ತಾರಂತೆ! ಮಣ್ಣು ಉರಿಯುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಗಡಿಯಾರದಲ್ಲಿ ಏಳಾಯಿತು. ಆಂಟಿ ಅಜ್ಜಿಯ ಅಪ್ಪಣೆ ಕೇಳಿ ಒಲೆಯ ಮುಂದೆ ಮೊಣಕಾಲೂರಿದರು.

“ನಮಾನ್ ಮರಿಯೆ...”

ತಮ್ಮ ಅರ್ಧ ಹೇಳಿ, ಎಂದಿನಂತೆ ಸುಮ್ಮನಾದರು. ಆ ಮೌನದೊಳಗೆ ಹಿಂದಿನಿಂದ ಒಂದು ದನಿ ಎದ್ದಿತು. ಟೀ ಪಾತ್ರೆ ಹಿಡಿದು ನಿಂತಿದ್ದ ಅಜ್ಜಿ, ತಮ್ಮ ಭಾಷೆಯಲ್ಲಿ, ಆ ಉಳಿದರ್ಧವನ್ನು ಹೇಳುತ್ತಿದ್ದರು.

ಆಂಟಿಯ ಬೆನ್ನು ನೆಟ್ಟಗಾಯಿತು. ತಿರುಗಿ ನೋಡಲಿಲ್ಲ. ಮುಂದಿನ ಮಣಿ ಹಿಡಿದು ಕೊಂಕಣಿಯಲ್ಲಿ ಮತ್ತೆ ತಮ್ಮ ಅರ್ಧ ಹೇಳಿದರು. ಐರಿಶ್‌ನಲ್ಲಿ ಮತ್ತೆ ಇನ್ನರ್ಧ ಬಂತು. ಅಜ್ಜಿಯೂ ಕುರ್ಚಿ ಹಿಡಿದು ಮೊಣಕಾಲೂರಿದರು. ಒಬ್ಬರ ಮಾತು ಒಬ್ಬರಿಗೆ ಒಂದಕ್ಷರ ತಿಳಿಯದು, ಆದರೆ ಜಪ ಇಬ್ಬರದೂ ಒಂದೇ, ಎಲ್ಲಿಯೂ ಎಡವಲಿಲ್ಲ, ಒಬ್ಬರ ಮೇಲೊಬ್ಬರು ಬೀಳಲಿಲ್ಲ. ನಾನು ಚಾಮುಂಡಿ ಬೆಟ್ಟಕ್ಕೆ ಕೈಮುಗಿದು ಬೆಳೆದವಳು. ಆ ಪ್ರಾರ್ಥನೆ ನನ್ನದಲ್ಲ, ಆ ಎರಡು ಭಾಷೆಗಳೂ ನನ್ನವಲ್ಲ. ಆದರೂ ಮಾಲೆ ಮುಗಿಯುವ ತನಕ ನಾವು ಮೂವರೂ ಮಿಸುಕಲಿಲ್ಲ.

ಮುಗಿದ ಮೇಲೆ ಅಜ್ಜಿ ಇಂಗ್ಲಿಷಿನಲ್ಲಿ, ಯಾರಿಗಾಗಿ ಎಂದು ಕೇಳಿದರು. ಆಂಟಿ ಅಂಕಲ್ ಹೆಸರು ಹೇಳಿದರು. ಅಜ್ಜಿ ಆ ಹೆಸರನ್ನೊಮ್ಮೆ ಮೆಲ್ಲಗೆ ಹೇಳಿ, ಶಿಲುಬೆಯ ಗುರುತು ಮಾಡಿಕೊಂಡು, ಟೀ ಆರಿಹೋಯಿತು ಎಂದು ಎದ್ದುಹೋದರು. ಆಂಟಿ ಆಗ ಅತ್ತರು, ವರ್ಷದಲ್ಲಿ ಮೊದಲ ಸಲ ಎಂದು ಆಮೇಲೆ ಹೇಳಿದರು. ಮಗಳು ಅವರ ತೋಳಿಗೆ ಅಂಟಿ ಕುಳಿತಿದ್ದಳು.

ಮಾರನೇ ದಿನ ಕಾರು ಬಂತು, ನಾವೂ ಊರಿಗೆ ಬಂದೆವು. ಮತ್ತೆ ಅದೇ ಕೆಲಸ, ಅದೇ ರೈಲು. ವರ್ಷಗಳು ಕಳೆದವು. ಮಗಳು ಓದಲು ಅಡಿಲೇಡಿಗೆ ಹೋದಳು. ಆಂಟಿಯನ್ನು ಮಗ ಪರ್ತಿಗೆ ಕರೆಸಿಕೊಂಡ. ಈ ಮಾರ್ಚಿನಲ್ಲಿ ಅಲ್ಲೇ ತೀರಿಹೋದರು.

ಮಣ್ಣು ಮಾಡಿ ಬಂದ ಸಂಜೆ, ಬಂದವರೆಲ್ಲ ಹೊರಟ ಮೇಲೆ ಆ ಮನೆಯವರೂ ನಾವು ಮೂವರೂ ಉಳಿದಿದ್ದೆವು. ಮಗ ತಾಯಿಯ ಮಣಿ ಹಿಡಿದು, ತಡವರಿಸುತ್ತ ಶುರುಮಾಡಿದ. ಅವನ ಹೆಂಡತಿ ಅಲ್ಲಿಯವಳು, ಮಕ್ಕಳಿಗೆ ಕೊಂಕಣಿ ಬಾರದು. ಅವನ ಅರ್ಧ ಮುಗಿದು ಮೌನ ಕವಿಯಿತು. ಆಂಟಿ ಬಿಡುತ್ತಿದ್ದ ಅದೇ ಮೌನ... ನನ್ನ ಪಕ್ಕದಲ್ಲಿ ಮಗಳು ಬಾಯಿ ತೆರೆದಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮ ಮಗಳು, ಸ್ಪಷ್ಟ ಕೊಂಕಣಿಯಲ್ಲಿ, ಇನ್ನರ್ಧವನ್ನು ಒಂದಕ್ಷರ ಬಿಡದೆ ಹೇಳಿದಳು. ಮಾಲೆ ಪೂರ್ತಿ ಮುಗಿಯುವವರೆಗೂ ಹೇಳಿದಳು.

ಯಾವಾಗ ಕಲಿತೆ ಎಂದು ಹೊರಗೆ ಬಂದಾಗ ಕೇಳಿದೆ.

“ಆಫ್ಟರ್ ಐರ್ಲೆಂಡ್, ಅಮ್ಮ. ಎವ್ರಿ ಡೇ. ನಿಮ್ಮ ಟ್ರೇನ್ ಬರೋ ಮುಂಚೆ” ಎಂದಳು.

ಅಷ್ಟು ವರ್ಷ, ಬೇಲಿಯ ಆಚೆ, ನಾವು ರೈಲಿನಲ್ಲಿ ತೂಕಡಿಸುತ್ತಿದ್ದ ಹೊತ್ತಿಗೆ!

ಪಕ್ಕದ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಹೋದ ವಾರದ ಆ ಸಂಜೆ ಹೊಗೆ ಇಳಿಯುತ್ತಿದ್ದಾಗ ಅವರಿನ್ನೂ ದೀಪ ಹಾಕಿರಲಿಲ್ಲ. ಆಂಟಿ ಇಲ್ಲ ಎನ್ನುವುದು ಆಗ ನನಗೆ ನಿಜಕ್ಕೂ ತಾಗಿತು. ಬಟ್ಟೆ ತೋಳಿಗೆ ಹಾಕಿಕೊಂಡು ಬೇಲಿಯ ಹತ್ತಿರ ಹೋದೆ. ನನಗೆ ಬರುವುದು ಮೊದಲ ಎರಡು ಮಾತು ಮಾತ್ರ, ಅವನ್ನೇ ಹೇಳಿದೆ. ಆಮೇಲೆ ಇನ್ನರ್ಧಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ನಿಂತಿದ್ದು, ಒಳಗೆ ಬಂದೆ.