ಅತ್ತೆ ಅಂಗಳಕ್ಕೆ ಹಾಕಿದ ನೀರು

ಕೆನಡಾಕ್ಕೆ ಬಂದು ನಮ್ಮ ಮನೆ ಮಂದಿ ಮೊದಲು ಮುರಿದ ಕಾನೂನು ಯಾವುದು ಗೊತ್ತೇ? ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿದ್ದು.

ಗಂಗಾವತಿ ಹತ್ತಿರದ ಮರಳಿಯಿಂದ ಅತ್ತೆ ಆಗಷ್ಟೇ ನಮ್ಮಲ್ಲಿಗೆ ಬಂದಿದ್ದರು. ಊರಿನ ರೂಢಿಯಂತೆ ಕಸ ಹೊಡೆದು, ಬಾಗಿಲ ಮುಂದಿನ ಕಾಲುದಾರಿಯವರೆಗೂ ಒಂದು ತಂಬಿಗೆ ನೀರು ಚಿಮುಕಿಸಿ ಒಳಬಂದರು. ಎಡ್ಮಂಟನ್ನಿನ ಚಳಿಗೆ ಅದು ಗಾಜಿನಂತೆ ಹೆಪ್ಪುಗಟ್ಟಿತು. ಕೆಲಸಕ್ಕೆ ಹೊರಟಿದ್ದ ಪಕ್ಕದ ಮನೆಯ ಹೆಲೆನ್ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು.

ಇಲ್ಲಿ ‘ಸೈಡ್‌ವಾಕ್’, ಅಂದರೆ ಮನೆ ಮುಂದಿನ ಕಾಲುದಾರಿ, ನಗರಸಭೆಗೆ ಸೇರಿದ್ದಾದರೂ ಅದರ ಮೇಲಿನ ಮಂಜುಗಡ್ಡೆ ನಮ್ಮ ಹೊಣೆ. ಕೆರೆದು ತೆಗೆಯಬೇಕು, ಉಪ್ಪು ಚೆಲ್ಲಬೇಕು. ಹೊಸಬರಿಗೆಂದು ನಡೆಸುವ ತರಗತಿಯಲ್ಲಿ ಇದನ್ನು ಹೇಳಿದ್ದರು. ಮನೆ ಮಾಲೀಕ ಬಾಯಿಮಾತಿನಲ್ಲಿ ನಮ್ಮನ್ನು ಹೊರಹಾಕುವಂತಿಲ್ಲ ಎಂದೂ ಹೇಳಿದ್ದರು. ನೈಟ್ ಡ್ಯೂಟಿ ಮುಗಿಸಿ ಹೋಗಿ ಕೂತಿದ್ದ ನನಗೆ ಹಕ್ಕಿನ ಮಾತು ನೆನಪುಳಿಯಿತು, ಹೊಣೆಯ ಮಾತಿನ ಹೊತ್ತಿಗೆ ತೂಕಡಿಕೆ ಬಂದಿತ್ತು. ಆದರೂ ಈ ಬಾಡಿಗೆ ಮನೆ ಕೈತಪ್ಪಿದರೆ ಎಲ್ಲಿಗೆ ಹೋಗುವುದು ಎಂಬ ಹೆದರಿಕೆ ಬಿಡಲಿಲ್ಲ.

“ಯವ್ವಾ, ನೀ ಆ ಕಡಿ ಹಾಯಬ್ಯಾಡ. ತಪ್ಪಾತು ಅಂದ್ರ ಕೇಸು ನಮ್ಮ ಕೊರಳಿಗೆ ಬರ್ತೈತಿ,” ಎಂದ ನನ್ನ ಗಂಡ.

“ನಮ್ಮಿಂದ ಬಿದ್ದಾಳ. ಮಾತಾಡಸದ ಮನ್ಯಾಗ ಕುಂದ್ರೂದು ಯಾವೂರ ರೀತಿನೋ?” ಎಂದರು ಅತ್ತೆ.

ನಮ್ಮ ಕಡೆ ಯಾರಾದರೂ ಬಿದ್ದರೆ ಓಣಿಯವರೆಲ್ಲ ಹೋಗಿ ಮಾತಾಡಿಸಿ ಬರುವುದು ನಿಮಗೆ ಗೊತ್ತೇ ಇದೆ. ಬಾರದವರನ್ನು ಯಾರೂ ಮರೆಯುವುದಿಲ್ಲ. ಇಲ್ಲಿ ಫೋನು ಮಾಡದೆ ಯಾರೂ ಯಾರ ಬಾಗಿಲನ್ನೂ ಬಡಿಯುವುದಿಲ್ಲ.

ಸಂಜೆ ಅತ್ತೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊರಟೇಬಿಟ್ಟರು. ತಡೆಯುವ ತ್ರಾಣವಿಲ್ಲದೆ ನಾನೂ ಹಿಂದೆ ಹೋದೆ. ಹೆಲೆನ್‌ಳ ಪ್ಲಾಸ್ಟರ್ ಹಾಕಿದ ಕೈ ಸವರಿ ಅತ್ತೆ ಅತ್ತರು. ಅವಳೂ ಅತ್ತಳು. ಒಂದೇ ಕೈಯಲ್ಲಿ ಚಹಾ ಮಾಡಿ ಕೊಟ್ಟಳು. ಆಮೇಲೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದಳು:

“ನಾನು ಕೇಸು ಹಾಕಿ ಪರಿಹಾರ ಕೇಳುತ್ತೇನೆ. ಈ ಕೈಯಲ್ಲಿ ಕೆಲಸಕ್ಕೆ ಹೋಗಲಾರೆ. ಇದಕ್ಕಾಗಿ ನಿಮ್ಮನ್ನು ಯಾರೂ ಮನೆ ಬಿಡಿಸುವುದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟೂ ಇಲ್ಲ.”

ಹೊರಗೆ ಬಂದ ಮೇಲೆ ಅತ್ತೆ ಕೇಳಿದರು, “ಏನಂದಳವಾ?” ಹೇಳಿದೆ. ಅವರು ಅಲ್ಲೇ ನಿಂತುಬಿಟ್ಟರು.

“ಕೈ ಹಿಡಕೊಂಡು ಅತ್ತಾಳ, ಚಾ ಕುಡಿಸ್ಯಾಳ. ಮತ್ತ ಕೇಸೂ ಹಾಕ್ತಾಳಂತ? ಇದೆಂಥಾ ಮನಸವಾ?”

ಹೆಲೆನ್ ಹೇಳಿದ್ದರಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ಅತ್ತೆ ಕೇಳಿದ್ದರಲ್ಲೂ ಕಾಣಲಿಲ್ಲ. ಅವಳ ಮನಸ್ಸು ನನಗೆ ಅರ್ಥವಾಗಿತ್ತು. ಅದನ್ನು ಅತ್ತೆಗೆ ನಮ್ಮ ಮಾತಿನಲ್ಲಿ ಹೇಳಲು ಹೋದರೆ ಒಂದು ಮಾತೂ ಸಿಗಲಿಲ್ಲ.

“ನಡೀರಿ ಅತ್ತಿ, ಥಂಡಿ ಭಾಳ ಐತಿ,” ಎಂದೆ.