ಸೀಮಂತದ ಐವತ್ತು ಡಬ್ಬಿ

ಹದಿನೈದು ವರ್ಷದಿಂದ ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಮಾಡುತ್ತಿದ್ದೇನೆ. ಹಾಗಾಗಿ ನಮ್ಮಕ್ಕನ ಪಾತ್ರೆ ಅಂಗಡಿಯ ಸ್ಟಾಕ್ ಲೆಕ್ಕ ಒಂದು ಭಾನುವಾರದ ಕೆಲಸ ಎಂದುಕೊಂಡಿದ್ದೆ. ಕೊಬ್ಬು, ಇನ್ನೇನಲ್ಲ.

ಅಂಗಡಿ ಶಿವಮೊಗ್ಗದ ಪೇಟೆಯಲ್ಲಿದೆ. ಗಲ್ಲಾದಲ್ಲಿ ಅಕ್ಕ, ಏಣಿಯ ಮೇಲೆ ಭಾವ. ಯಾವ ಪಾತ್ರೆ ಎಷ್ಟಿದೆ ಎಂದು ಕೇಳಿದರೆ ಭಾವ ಕತ್ತೆತ್ತಿ ಅಟ್ಟ ನೋಡಿ "ಒಂದು ಮೊಳ ಇದೆ" ಎನ್ನುತ್ತಿದ್ದರು. ಒಂದರೊಳಗೊಂದು ಪೇರಿಸಿದ ಪಾತ್ರೆಗಳ ಎತ್ತರ ಅದು. ಅಕ್ಕನಿಗೆ ಇದು ಸಾಕಾಗಿ ಹೋಗಿತ್ತು.

ನಾನು ಕೂತು ಖರೀದಿಗೊಂದು ಟೇಬಲ್, ಮಾರಾಟಕ್ಕೊಂದು ಟೇಬಲ್ ಮಾಡಿದೆ. ಎರಡನ್ನೂ ಜಾಯಿನ್ ಮಾಡಿ, ಕೊಂಡದ್ದರಲ್ಲಿ ಮಾರಿದ್ದು ಕಳೆದೆ. ಒಗ್ಗರಣೆ ಸೌಟು ಐನೂರು ಇದೆ ಎಂದು ಬಂತು.

ಭಾವ ಏಣಿಯ ಮೇಲಿಂದಲೇ ನಕ್ಕರು. "ಐನೂರು ಸೌಟಾ? ಮಾರಾಯ್ತಿ, ಇಡೀ ಊರಿಗೇ ಒಗ್ಗರಣೆ ಹಾಕ್ಬೋದಲ್ಲೇ! ಎಲ್ಲಿಟ್ಟಿದೀನಿ ಅಂತನೂ ನಿನ್ ಕಂಪ್ಯೂಟರ್ ಹೇಳುತ್ತಾ?"

ಆಗಿದ್ದಿಷ್ಟು. ಸೌಟು ಕೊಂಡದ್ದು ಎರಡು ಸಲ, ಅರವತ್ತರಂತೆ. ಮಾರಿದ್ದು ಐದು ಸಲ, ಹತ್ತರಂತೆ. ಉಳಿಯಬೇಕಾದ್ದು ಎಪ್ಪತ್ತು. ಆದರೆ ನಾನು ಎರಡು ಟೇಬಲ್‌ಗಳನ್ನು ನೇರವಾಗಿ ಸೇರಿಸಿದ್ದರಿಂದ ಖರೀದಿಯ ಒಂದೊಂದು ಸಾಲೂ ಮಾರಾಟದ ಐದೂ ಸಾಲುಗಳಿಗೆ ಅಂಟಿಕೊಂಡು ಹತ್ತು ಸಾಲಾಗಿ, ಖರೀದಿ ಐದು ಪಟ್ಟು, ಮಾರಾಟ ಎರಡು ಪಟ್ಟು ಆಗಿತ್ತು. ಆರುನೂರರಲ್ಲಿ ನೂರು ಕಳೆದರೆ ಐನೂರು. ಇದೇ ತಪ್ಪಿಗೆ ಪ್ರತಿ ವರ್ಷ ಮಕ್ಕಳ ಮಾರ್ಕ್ಸ್ ಕತ್ತರಿಸುವವಳು ನಾನು. ಯಾರಿಗೂ ಹೇಳಬೇಡಿ.

ಪ್ರತಿ ಟೇಬಲ್‌ನ ಮೊತ್ತ ಮೊದಲು ಬೇರೆಬೇರೆ ತೆಗೆದು, ಆಮೇಲೆ ಕಳೆಯುವ ಹಾಗೆ ತಿದ್ದಿದೆ. ಭಾವನ ನೋಟ್‌ಬುಕ್‌ನಲ್ಲಿ ಗಿರಾಕಿಗಳು ವಾಪಸ್ ಕೊಟ್ಟ ಸಾಮಾನಿನ ಪಟ್ಟಿ ಸಿಕ್ಕಿತು. ಅದಕ್ಕೂ ಒಂದು ಟೇಬಲ್ ಮಾಡಿ ಕೂಡಿಸಿದೆ. ಸೌಟು ಎಪ್ಪತ್ತಾಯಿತು. ನನ್ನ ಜಂಬವೂ ವಾಪಸ್ ಬಂತು.

ಮುಂದಿನ ಬುಧವಾರ ಭದ್ರಾವತಿಯಿಂದ ಗಂಡಹೆಂಡತಿ ಬಂದರು. ಆತ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದವರು. ಇಡೀ ಸರ್ವಿಸ್ ನ್ಯೂ ಟೌನಿನ ಕ್ವಾರ್ಟರ್ಸ್‌ನಲ್ಲೇ ಕಳೆದು, ಈಗ ಮೊದಲ ಸಲ ಸ್ವಂತ ಮನೆ ಕಟ್ಟಿಸಿದ್ದರು. ಭಾನುವಾರ ಗೃಹಪ್ರವೇಶ. ಬಂದವರಿಗೆಲ್ಲ ಮುಚ್ಚಳದ ಮೇಲೆ ಮನೆಯ ಹೆಸರು ಕೆತ್ತಿಸಿದ ಸ್ಟೀಲ್ ಡಬ್ಬಿ ಕೊಡಬೇಕು, ನೂರಿಪ್ಪತ್ತು, ಎಲ್ಲವೂ ಒಂದೇ ಥರ.

"ಇಷ್ಟು ವರ್ಷ ಬೇರೆಯೋರ ಮನೆ ಡಬ್ಬಿ ತಂದು ಸಾಲಾಗಿ ಇಟ್ಟಿದೀವಮ್ಮ. ಈಗ ನಮ್ದೂ ಒಂದು ಅವ್ರ ಮನೇಲಿರ್ಲಿ" ಎಂದರು ಆತ.

ಭಾವ ಆ ದಿನ ಮೊಮ್ಮಗಳಿಗೆ ಆನೆ ತೋರಿಸಲು ಸಕ್ರೆಬೈಲಿಗೆ ಹೋಗಿದ್ದರು. ನಾನು ಲ್ಯಾಪ್‌ಟಾಪ್ ತೆರೆದೆ. ಕೊಂಡದ್ದು ಇನ್ನೂರ ನಲವತ್ತು, ಮಾರಿದ್ದು ನೂರ ಎಪ್ಪತ್ತು, ವಾಪಸ್ ಬಂದದ್ದು ಐವತ್ತು. ಸರಿಯಾಗಿ ನೂರಿಪ್ಪತ್ತು! "ಇದೆ" ಎಂದೆ. ಅಕ್ಕ ಅವರಿಗೆ ಮಾತು ಕೊಟ್ಟಳು.

ಮನೆಗೆ ಏನು ಹೆಸರಿಡುವುದು ಎಂದು ಆ ದಂಪತಿ ಶುಕ್ರವಾರ ರಾತ್ರಿಯವರೆಗೂ ಜಗಳವಾಡಿದ್ದರಿಂದ ಭಾವ ಕೆತ್ತಲು ಡಬ್ಬಿ ಇಳಿಸಿದ್ದು ಶನಿವಾರ ಬೆಳಗ್ಗೆ. ಎಣಿಸಿದೆ. ನೂರಿಪ್ಪತ್ತೇ ಇತ್ತು. ಅದರಲ್ಲಿ ಐವತ್ತರ ಮುಚ್ಚಳದ ಮೇಲೆ "ಸೀಮಂತದ ನೆನಪಿಗೆ" ಎಂದಿತ್ತು.

ಅಕ್ಕ ಗಂಡನ ಕಡೆ ತಿರುಗಿದಳು. "ಕೆತ್ತಿದ್ದನ್ನ ವಾಪಸ್ ತಗೋಬೇಡಿ ಅಂತ ಎಷ್ಟ್ ಸಲ ಹೇಳಿದೀನ್ರೀ?"

"ಆ ಹುಡುಗಿ ತುಂಬಿದ ಬಸುರಿ ಕಣೇ. ಮಿಕ್ಕಿದ್ದನ್ನ ತಾನೇ ಚೀಲದಲ್ಲಿ ಹೊತ್ಕೊಂಡ್ ಬಂದಿದ್ಲು. ಹೆಂಗ್ ಬೇಡ ಅನ್ಲಿ?"

"ಅದಕ್ಕೆ ಅಟ್ಟದ ಮೇಲೆ ಬಚ್ಚಿಟ್ರಾ?"

ಭಾವ ನನ್ನನ್ನು ತೋರಿಸಿದರು. "ನಾನೆಲ್ಲಿ ಬಚ್ಚಿಟ್ಟೆ? ಬುಕ್ಕಲ್ಲಿ ಬರ್ದಿದ್ನಲ್ಲ. ಇವ್ಳು ಕೂಡಿಸ್ಕೊಂಡ್ಲು."

ಲೆಕ್ಕ ಸರಿ ಇದೆ ಎಂದು ನಾನು ವಾದಿಸಿದೆ. "ಲೆಕ್ಕ ತಗೊಂಡು ಉಪ್ಪಿನಕಾಯಿ ಹಾಕು" ಎಂದಳು ಅಕ್ಕ.

ಹೋಲ್‌ಸೇಲಿನವರ ಲಾರಿ ಬರುವುದು ಸೋಮವಾರ. ಪೇಟೆಯಲ್ಲಿ ಅದೇ ಡಬ್ಬಿ ಎಲ್ಲೂ ಸಿಗಲಿಲ್ಲ. ಭಾವ ಮತ್ತು ನಾನು ಕೆತ್ತುವ ಮಿಶನ್ ಸಮೇತ ನೂರಿಪ್ಪತ್ತನ್ನೂ ಕಾರಿಗೆ ತುಂಬಿಕೊಂಡು, ಬೈಸಿಕೊಳ್ಳಲು ಭದ್ರಾವತಿಗೆ ಹೊರಟೆವು.

ಹೊಸ ಮನೆಯ ಬಾಗಿಲಿಗೆ ಒಬ್ಬ ಹುಡುಗ ತೋರಣ ಕಟ್ಟುತ್ತಿದ್ದ. ಮನೆಯ ಯಜಮಾನರು ಒಂದು ಡಬ್ಬಿ ತೆಗೆದು, ಕನ್ನಡಕ ಏರಿಸಿ, ಎರಡು ಸಲ ಓದಿದರು.

"ಏನ್ರೀ ಇದು? ಅರವತ್ತೆರಡಾಯ್ತು ನಂಗೆ. ಸೀಮಂತ ಯಾರಿಗ್ರೀ?"

"ನಂಗಂತೂ ಅಲ್ಲಪ್ಪ" ಎಂದು ಒಳಗಿಂದ ಅವರ ಹೆಂಡತಿ ಕೂಗಿದರು. ತೋರಣ ಕಟ್ಟುತ್ತಿದ್ದವನು ಸ್ಟೂಲ್ ಮೇಲಿಂದ ಬೀಳುವುದೊಂದು ಬಾಕಿ.

ಆದರೆ ಆತ ನಗಲಿಲ್ಲ. ಇನ್ನೂ ನಾಲ್ಕು ಡಬ್ಬಿ ತೆಗೆದು ಓದಿದರು. ಅರ್ಧ ಜನಕ್ಕೆ ಡಬ್ಬಿ ಕೊಟ್ಟು ಅರ್ಧ ಜನಕ್ಕೆ ಕೈಮುಗಿಯಲು ಆ ಮನುಷ್ಯ ಅಷ್ಟು ವರ್ಷ ಕಾದಿರಲಿಲ್ಲ. ಕ್ಷಮೆ ಕೇಳಲು ಬಾಯಿ ತೆರೆದೆ. ಆತ ಕೈ ಅಡ್ಡ ಹಿಡಿದು, ಅಕ್ಷರಗಳ ಮೇಲೆ ಉಗುರಿನಿಂದ ಕೆರೆದರು.

"ಯಾರ್ ಕೆತ್ತಿದ್ದು?"

"ನಾನೇ" ಎಂದರು ಭಾವ, ಸಣ್ಣ ದನಿಯಲ್ಲಿ.

"ಆಳ ಇಲ್ಲ ಬಿಡಿ. ಕೈಯಲ್ಲಿ ಜೋರಿಲ್ಲ ನಿಮ್ಗೆ. ಗಾಡಿ ತೆಗೀರಿ."

ಅವರ ಹಳೆಯ ಜೊತೆಗಾರನ ವರ್ಕ್‌ಶಾಪ್ ಎರಡು ಬೀದಿ ಆಚೆ ಇತ್ತು. ಅಲ್ಲಿ ಪಾಲಿಶ್ ಚಕ್ರಕ್ಕೆ ಮುಚ್ಚಳ ಒಡ್ಡಿ ಆತ ನಿಂತರು ನೋಡಿ, ಒಂದೊಂದೇ ಸೀಮಂತ ಅಳಿಸಿಹೋಯಿತು. ಮಧ್ಯಾಹ್ನದ ಹೊತ್ತಿಗೆ ಐವತ್ತೂ ಕನ್ನಡಿಯಾಗಿದ್ದವು. ಭಾವ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಬಚಾವಾದೆವು ಅಂತ.

ಆಗ ಅವರ ಹೆಂಡತಿ ಊಟಕ್ಕೆ ಕರೆಯಲು ಬಂದರು. ಉಜ್ಜಿದ್ದೊಂದು, ಹೊಸದೊಂದು, ಎರಡನ್ನೂ ಅಕ್ಕಪಕ್ಕ ಹಿಡಿದರು.

"ಇದು ಫಳಫಳ ಅಂತಿದೆ, ಇದು ಮಂಕಾಗಿದೆ. ಕೆಲವ್ರಿಗೆ ಹೊಸದು, ಕೆಲವ್ರಿಗೆ ಹಳೇದು ಕೊಟ್ರು ಅಂತಾರೆ ನಮ್ ಕಡೆಯೋರು."

"ಅಮ್ಮ, ಮಂಕಾಗಿರೋದೇ ಹೊಸದು" ಎಂದೆ.

"ಅದನ್ನ ನೂರಿಪ್ಪತ್ತು ಜನಕ್ಕೂ ನೀನೇ ನಿಂತು ಹೇಳ್ತೀಯೇನಮ್ಮ?"

ಉಳಿದ ಎಪ್ಪತ್ತನ್ನು ಭಾವ ಮತ್ತು ನಾನು ಸರದಿಯಲ್ಲಿ ಉಜ್ಜಿದೆವು. ಆತ ಕುರ್ಚಿ ಹಾಕಿಕೊಂಡು ಕೂತು "ಒತ್ತಿ ಹಿಡೀರಿ, ಒತ್ತಿ" ಎನ್ನುತ್ತಿದ್ದರು. ಆಮೇಲೆ ಭಾವ ಎಲ್ಲದರ ಮೇಲೂ ಮನೆಯ ಹೆಸರು ಕೆತ್ತಿ ಮುಗಿಸಿದಾಗ ಸಂಜೆಯಾಗಿತ್ತು. ಅವರ ಹೆಂಡತಿ ಒಂದೊಂದನ್ನೂ ತಿರುಗಿಸಿ ನೋಡಿ ಎಣಿಸಿಕೊಂಡರು. ನನ್ನ ಲ್ಯಾಪ್‌ಟಾಪಿನ ಲೆಕ್ಕ ಕೇಳಲೇ ಇಲ್ಲ.

ಭಾನುವಾರ ನಮ್ಮನ್ನೂ ಊಟಕ್ಕೆ ಕರೆದಿದ್ದರು. ಆತ ಹೊಸ ಪಂಚೆಯುಟ್ಟು ಬಾಗಿಲಲ್ಲಿ ನಿಂತು, ಹೊರಟವರಿಗೆಲ್ಲ ತಾವೇ ಡಬ್ಬಿ ಕೊಡುತ್ತಿದ್ದರು. ಪ್ರತಿಯೊಬ್ಬರಿಗೂ ಮುಚ್ಚಳ ಬೆಳಕಿಗೆ ಹಿಡಿದು, "ನೂರಿಪ್ಪತ್ತಕ್ಕೂ ಪಾಲಿಶ್ ನಂದೇ ಕಣ್ರೀ" ಎನ್ನುತ್ತಿದ್ದರು.

ಊಟದ ಸಾಲಿನಲ್ಲಿ ಭಾವ ನನ್ನ ಕಡೆ ಬಾಗಿದರು. "ಅದ್ರಲ್ಲಿ ಎಪ್ಪತ್ತು ನಾವಲ್ವೇನೆ ಉಜ್ಜಿದ್ದು?"

"ಸುಮ್ನೆ ಹೋಳಿಗೆ ತಿನ್ರಿ" ಎಂದಳು ಅಕ್ಕ.