ಆಪಾಗೆ ಹೊದಿಸಿದ ಶಾಲು

ಮೊನ್ನೆ ಮೊಮ್ಮಗನ ಹೊಸ ಜೀನ್ಸನ್ನು ಮೊದಲ ಸಲ ನೆನೆಹಾಕಿದೆ. ಬಕೆಟ್ಟಿನ ನೀರು ನೀಲಿಯಾಯಿತು. ಗಂಜಿ, ಬಣ್ಣ ಬೆರೆತ ಘಾಟು ಮೂಗಿಗೆ ಬಡಿಯಿತು. ಸತ್ಯನಾರಾಯಣಪೇಟೆಯ ನಮ್ಮ ಎದುರು ಮನೆಯ, ಓಣಿಗೆಲ್ಲ ಅಕ್ಕನಂತಿದ್ದ ಆಪಾ ನೆನಪಾದರು. ಅವರ ಸೆರಗಿಗೆ ಸದಾ ಇದೇ ವಾಸನೆ...

ಸಿರುಗುಪ್ಪದಿಂದ ಸೊಸೆಯಾಗಿ ಬಂದವರು. ಮನೆಯಲ್ಲೇ ಮಕ್ಕಳ ಜೀನ್ಸ್ ಹೊಲಿಯುತ್ತಿದ್ದರು. ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಿಕೊಳ್ಳಲು ಕಾಲಿನ ತುದಿಯಲ್ಲಿ ದಪ್ಪ ಒಳಮಡಿಕೆ ಬಿಡುವುದು ಅವರದೇ ಉಪಾಯ. ಗಣಿಯ ದುಡ್ಡು ಊರೆಲ್ಲ ಓಡಾಡುತ್ತಿದ್ದ ಕಾಲವದು. ಗಣಿ ಮಾಲೀಕರೊಬ್ಬರು ಹೊಸ ಉದ್ಯಮಗಳನ್ನು ಬೆಳೆಸುವ ಕೇಂದ್ರ ತೆರೆದರು. ಜಾಗ, ಮಷೀನು ಕೊಡುತ್ತೇವೆ, ದೊಡ್ಡ ಊರುಗಳ ಗಿರಾಕಿಗಳನ್ನು ಕರೆತರುತ್ತೇವೆ, ಬದಲಿಗೆ ನಿಮ್ಮ ವ್ಯಾಪಾರದಲ್ಲಿ ನಮಗೊಂದು ಪಾಲು ಎಂದರು. ಆಪಾ ಸೇರಿದರು. ಅವರನ್ನು ನಂಬಿ ನಮ್ಮ ಓಣಿಯ, ಕುರುಗೋಡಿನ ಹೆಂಗಸರೂ ತಮ್ಮ ತಮ್ಮ ಕಸುಬಿನೊಡನೆ ಸೇರಿದರು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಗಿರಾಕಿಗಳೆಂದು ಕೇಂದ್ರದವರು ಕರೆತಂದವರ ಇಂಗ್ಲಿಷ್ ತಿಳಿಸಿ ಹೇಳಲು ಆಪಾ ನನ್ನನ್ನೂ ಕರೆದೊಯ್ಯುತ್ತಿದ್ದರು. ಕೊಳ್ಳುವವರು ಬಟ್ಟೆಯನ್ನು ಒಳಗು ಹೊರಗು ಮಾಡಿ, ಹೊಲಿಗೆ ಎಳೆದು ನೋಡುತ್ತಾರೆ. ಇವರು ಬೆಲೆಯನ್ನೂ ಕೇಳದೆ ಫೋಟೊ ತೆಗೆಸಿಕೊಂಡು, ಗೋಡಂಬಿ ತಿಂದು ಕಾರು ಹತ್ತುತ್ತಿದ್ದರು. ನನಗೆ ಅಂದೇ ಅನುಮಾನ.

ಕುರುಗೋಡಿನಲ್ಲಿ ಕೇಂದ್ರದ ದೊಡ್ಡ ಸಭೆ ನಡೆದಾಗ ಆಪಾ ಮೈಕು ಹಿಡಿದರು.

"ಗಿರಾಕಿ ತರ್ತೀವಿ ಅಂದ್ರಿ, ತಂದಿದ್ದು ಬರೇ ಅತಿಥಿಗಳ್ನ! ಅವರಿಗೆ ಚಾ ಕೊಡಾಕ ನಾವು ಮಷೀನು ನಿಲ್ಸಬೇಕೇನ್ರಿ? ಗಿರಾಕಿ ತರಾಕ ಆಗಲಿಲ್ಲಂದ್ರ ನಮ್ಮ ಪಾಲು ನಮಗ ವಾಪಸ್ ಕೊಡ್ರಿ."

ಸಭೆ ನಕ್ಕಿತು. ಹಿಂದಿನಿಂದ ಕುಪ್ಪಸ ಹೊಲಿಯುವ ನಮ್ಮ ಓಣಿಯವಳೊಬ್ಬಳು, "ಹಾಕು ಆಪಾ, ಹಾಕು!" ಎಂದು ಕೂಗಿದಳು. ನಾನು ಕೇಂದ್ರದ ನಿರ್ದೇಶಕರನ್ನೇ ನೋಡುತ್ತಿದ್ದೆ. ಮೊದಲು ಚಪ್ಪಾಳೆ ತಟ್ಟಿದವರು ಅವರು. ತಟ್ಟುತ್ತಲೇ ಫೋಟೊದವನಿಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವರು ಬೈದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲವೇನೋ...

ಮುಂದಿನ ಸಭೆಯಲ್ಲಿ ಆಪಾಗೆ ಸನ್ಮಾನ. ಶಾಲು, ಹಾರ, ಹಣ್ಣಿನ ಬುಟ್ಟಿ. "ಇಂಥಾ ಧೈರ್ಯದ ಮಾತೇ ನಮಗ ಬೇಕು. ಆಪಾಗಾರು ಇನ್ನ ಮ್ಯಾಲೆ ನಮ್ಮ ಸಲಹಾ ಸಮಿತಿಯೊಳಗ ಇರ್ತಾರ. ನಿಮ್ಮ ಕಷ್ಟ ಏನಿದ್ರೂ ಅವರಿಗೇ ಹೇಳ್ರಿ" ಎಂದರು ನಿರ್ದೇಶಕರು. ಪಾಲಿನ ಮಾತು ಎತ್ತಲೇ ಇಲ್ಲ.

ಆಟೋದಲ್ಲಿ ಕೇಳಿದೆ, "ಯಾಕ ಒಪ್ಪಿಕೊಂಡ್ರಿ ಆಪಾ?"

"ಮಂದಿ ಮುಂದ ಹೊದಿಸಿದ ಶಾಲು ತೆಗೆದು ಅತ್ತಾಗ ಒಗಿಯಾಕ ಬರ್ತತೇನ್ ತಂಗಿ? ಸಮಿತಿ ಕೂಡ್ಲಿ, ಅಲ್ಲೇ ಕೇಳ್ತೀನಿ ಬಿಡು."

ಸಮಿತಿ ಕೂಡಲೇ ಇಲ್ಲ. ಸಭೆಗಳಲ್ಲಿ ಆಪಾಗೆ ವೇದಿಕೆಯ ಮೇಲೆ ಕುರ್ಚಿ, ಬ್ಯಾನರಿನಲ್ಲಿ ಹೆಸರು. ಮೈಕು ಮಾತ್ರ ಅವರತ್ತ ಬರುತ್ತಿರಲಿಲ್ಲ. ಕೇಂದ್ರಕ್ಕೆ ದೂರು ಒಯ್ದವರನ್ನೆಲ್ಲ "ಆಪಾಗಾರನ್ನ ಕೇಳ್ರಿ" ಎಂದು ಸಾಗಹಾಕುತ್ತಿದ್ದರು. ಹೆಂಗಸರು ಆಪಾ ಮನೆಯ ಬಾಗಿಲಿಗೆ ಬರತೊಡಗಿದರು. "ಹಾಕು" ಎಂದು ಕೂಗಿದ್ದವಳೇ ಒಂದು ದಿನ, "ನೀನೂ ಅವರ ಪೈಕಿ ಆದೆಲ್ಲ ಆಪಾ! ಸ್ಟೇಜ್ ಮ್ಯಾಲೆ ಕುಂತ್ರ ಸೊಂಟ ನೋಯೂದಿಲ್ಲ ಬಿಡು" ಎಂದಳು. ಆಪಾ ಚೌಕಟ್ಟು ಹಿಡಿದು ನಿಂತಿದ್ದರು.

ಸಮಿತಿಯಿಂದ ಹೆಸರು ತೆಗೆಯಿರಿ ಎಂದು ಆಪಾ ಹೋಗಿ ಹೇಳಿದರು. ಹೊಸ ಬ್ಯಾನರು ಬರೆಸುವಾಗ ತೆಗೆಯೋಣ ಎಂದು ನಿರ್ದೇಶಕರು ನಕ್ಕು, ಚಹಾ ತರಿಸಿದರಂತೆ. ಕೊನೆಯವರೆಗೂ ಅಲ್ಲಿ ಯಾರೂ ಆಪಾಗೆ ಏರುದನಿಯಲ್ಲಿ ಮಾತಾಡಲಿಲ್ಲ. ಗಣಿಗಳು ನಿಂತ ಮೇಲೆ ಕೇಂದ್ರಕ್ಕೆ ಬೀಗ ಬಿತ್ತು. ಅಷ್ಟರಲ್ಲಿ ಓಣಿಯವರು ಆಪಾ ಜೊತೆ ಮಾತು ಬಿಟ್ಟಿದ್ದರು. ಅವರು ಸಿರುಗುಪ್ಪಕ್ಕೆ ಹೊರಟುಹೋದರು.

ಹೋದ ತಿಂಗಳು ಆಪಾ ತೀರಿಕೊಂಡ ಸುದ್ದಿ ಬಂತು. ತರಕಾರಿ ಮಾರ್ಕೆಟ್ಟಿನಲ್ಲಿ ಆ ಕುಪ್ಪಸ ಹೊಲಿಯುವವಳು ಸಿಕ್ಕಳು. ಅವಳಿಗೂ ತಲೆ ಬೆಳ್ಳಗಾಗಿದೆ. ಆಪಾ ಹೋಗಿಬಿಟ್ರಂತೆ ಎಂದೆ.

"ಯಾವ ಆಪಾ ಅಕ್ಕಾರ?" ಎಂದು ಯೋಚಿಸಿ, "ಓ... ಕೇಂದ್ರದೋರ ಆಪಾನೇನ್ರಿ?" ಎಂದಳು.

ಅಲ್ಲ, ನಮ್ಮ ಆಪಾ ಎನ್ನಲು ಬಾಯಿ ತೆರೆದೆ. ಅವಳಾಗಲೇ ಮೆಂತ್ಯದ ಕಟ್ಟಿಗೆ ಚೌಕಾಸಿ ಶುರು ಮಾಡಿದ್ದಳು.